ಬಿಸಿನೀರು ಇಟ್ಟವರು ಯಾರು

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳನ್ನು ನಾವು ತಪಸ್ಸುಕಾಲ ಎನ್ನುತ್ತೇವೆ. ಆ ವರ್ಷ ತಪಸ್ಸುಕಾಲದ ನಡುವೆ ನಮ್ಮ ಚರ್ಚಿನಲ್ಲಿ ಎರಡು ದಿನದ ಧ್ಯಾನಕೂಟ ಇಟ್ಟಿದ್ದರು. ಹೋಗುವ ಮನಸ್ಸು ನನಗೆ ಅಷ್ಟಾಗಿ ಇರಲಿಲ್ಲ. ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಮದುವೆಗಳ ಕಾಲವಾದ್ದರಿಂದ ಬ್ಲೌಸುಗಳು ರಾಶಿ ಬಿದ್ದಿದ್ದವು. ಆದರೂ ಎರಡನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ಎಳೆದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಹೊರಗಿನಿಂದ ಬಂದಿದ್ದ ಬೋಧಕರು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದರು. ಯಾರನ್ನು ಇನ್ನೂ ಕ್ಷಮಿಸಿಲ್ಲವೋ ಅವರ ಮುಖವನ್ನು ನೆನಪಿಗೆ ತಂದುಕೊಳ್ಳಿ, ಯೇಸುವಿನ ಜೊತೆ ಅವರ ಹತ್ತಿರಕ್ಕೆ ನಡೆದು ಹೋಗಿ ಎಂದರು. ನನಗೆ ಹುಡುಕುವ ಕಷ್ಟವೇ ಇರಲಿಲ್ಲ. ಅಕ್ಕನ ಮುಖ ತಾನಾಗಿ ಬಂದು ನಿಂತಿತು. ಹದಿನಾರು ವರ್ಷದಿಂದ ಮಾತು ಬಿಟ್ಟ ಅಕ್ಕ. ಸರಿ, ಇವತ್ತು ಕ್ಷಮಿಸಿಯೇ ಬಿಡೋಣ, ಹೊರೆ ಇಳಿಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಅವಳ ಮುಖ ಹೋಗಿ, ಹಬೆಯಾಡುವ ಸ್ಟೀಲ್ ಬಕೆಟ್ಟೊಂದು ಕಾಣಿಸಿತು. ಅದರ ಹಿಡಿಗೆ ಸೆರಗು ಸುತ್ತಿಕೊಂಡು ಎತ್ತುತ್ತಿದ್ದ ಕೈ ಅಕ್ಕನದಲ್ಲ. ನನ್ನದು.

ಸುತ್ತಲೂ ಜನ ಅಳುತ್ತಿದ್ದರು, ಹಾಡುತ್ತಿದ್ದರು. ನಾನು ಕಣ್ಣು ಬಿಟ್ಟು ಮುಂದಿನ ಬೆಂಚಿನ ಮರವನ್ನೇ ನೋಡುತ್ತಾ ಕೂತೆ.

ಆ ಬಕೆಟ್ಟಿನ ಕಥೆ ಹೇಳಬೇಕು. ಅಕ್ಕನ ಗಂಡ ಮಾದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಅಂದರೆ ಆಳುಗಳ ಹಾಜರಿ ಬರೆಯುವ ಕೆಲಸ. ಅವರ ಮಗ ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನ ಮನೆ ತುಂಬ ನೆಂಟರು. ಬೆಳಿಗ್ಗೆ ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಸ್ನಾನ. ಹಂಡೆಯಿಂದ ಕುದಿಯುವ ನೀರು ತೋಡಿ ಯಾರೋ ಬಚ್ಚಲ ಹೊಸಲಿನ ಮೇಲೆ ಬಕೆಟ್ ಇಟ್ಟರು. ಮೂರು ವರ್ಷದ ನನ್ನ ಮಗಳು ಓಡಿ ಬಂದು ಅದಕ್ಕೆ ಎಡವಿದಳು. ಎಡಗೈ, ಭುಜ, ಕುತ್ತಿಗೆಯ ಒಂದು ಭಾಗ ಸುಟ್ಟುಹೋಯಿತು.

ಆಸ್ಪತ್ರೆಯ ವರಾಂಡದಲ್ಲಿ ಅಷ್ಟೂ ಜನರ ಎದುರು ನಾನು ಅಕ್ಕನಿಗೆ, "ನನ್ನ ಮಗೂನ ಸುಟ್ಟುಬಿಟ್ಟೆ. ನೀನೇ ಇಟ್ಟಿದ್ದು ಆ ನೀರು" ಎಂದು ಕೂಗಿದೆ. ಅವಳು ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಅಮ್ಮ ತೀರಿಕೊಂಡಾಗಲೂ ಶವಪೆಟ್ಟಿಗೆಯ ಆ ಕಡೆ ಅವಳು, ಈ ಕಡೆ ನಾನು. ಮಣ್ಣು ಹಾಕಿ ಬೇರೆ ಬೇರೆ ಬಸ್ಸು ಹತ್ತಿದೆವು.

ಧ್ಯಾನಕೂಟದಿಂದ ಬಂದ ಮೇಲೆ ಕೆಲಸ ಕೈಗೆ ಹತ್ತಲಿಲ್ಲ. ಕಂಡದ್ದು ನೆನಪೋ, ಕಲ್ಪನೆಯೋ? ಹಿಡಿಗೆ ಸೆರಗು ಸುತ್ತಿ ಬಿಸಿನೀರು ಎತ್ತುವುದು ನಾನು ನನ್ನ ಮನೆಯಲ್ಲಿ ದಿನವೂ ಮಾಡುವ ಕೆಲಸ. ಅದನ್ನೇ ಮನಸ್ಸು ತಂದು ಅಲ್ಲಿಗೆ ಜೋಡಿಸಿರಬಹುದು. ಹಾಗೆಂದುಕೊಂಡರೆ ಸ್ವಲ್ಪ ಹೊತ್ತು ನೆಮ್ಮದಿ. ಆಮೇಲೆ ಇನ್ನೊಂದು ಪ್ರಶ್ನೆ: ಅಕ್ಕ ಬಕೆಟ್ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆನೇ? ಎಷ್ಟು ಯೋಚಿಸಿದರೂ ಆ ದೃಶ್ಯ ಸಿಗಲಿಲ್ಲ. ಕೂಗಿದ್ದು ಮಾತ್ರ ಸಿಕ್ಕಿತು.

ಶನಿವಾರ ಪಾಪನಿವೇದನೆಗೆ ಹೋದೆ. ನಮ್ಮ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕೇಳುತ್ತಾರೆ. ಎಲ್ಲ ಹೇಳಿದೆ. "ನಾನು ಕ್ಷಮಿಸ್ಬೇಕೋ, ಕ್ಷಮೆ ಕೇಳ್ಬೇಕೋ, ಅದೇ ಗೊತ್ತಾಗ್ತಿಲ್ಲ ಫಾದರ್" ಎಂದೆ.

"ಗೊತ್ತಿಲ್ಲ ಅನ್ನೋದನ್ನೇ ದೇವರ ಮುಂದೆ ಇಡಿ ಅಮ್ಮ. ಒಂದು ವಾರ ನಿಮ್ಮ ಅಕ್ಕನಿಗೋಸ್ಕರ ದಿನಾ ಜಪಸರ ಹೇಳಿ. ತಪ್ಪು ಒಪ್ಪು ಎಲ್ಲ ಬಿಡಿ. ಅವರಿಗೆ ಈಗ ಏನು ಕಷ್ಟ ಇದೆಯೋ ಅದಕ್ಕೆ ಪ್ರಾರ್ಥನೆ ಮಾಡಿ" ಎಂದರು.

ಸುಲಭದ ಪ್ರಾಯಶ್ಚಿತ್ತ ಎಂದುಕೊಂಡು ಮನೆಗೆ ಬಂದೆ. ಸಂಜೆ ಮೊಣಕಾಲೂರಿ ಜಪಸರ ಹಿಡಿದಾಗ ತಿಳಿಯಿತು, ಅಕ್ಕನಿಗೆ ಏನು ಕಷ್ಟ ಇದೆ ಎಂಬುದೇ ನನಗೆ ಗೊತ್ತಿಲ್ಲ. ಅವಳ ಗಂಡ ತೀರಿಹೋಗಿ ಮೂರು ವರ್ಷವಾಯಿತು ಎಂದು ಯಾರೋ ಹೇಳಿದ್ದರು. ಅಷ್ಟೇ. ಅವಳಿಗೆ ಶುಗರ್ ಇದೆಯೋ, ಬಿಪಿ ಇದೆಯೋ, ಮಗ ನೋಡಿಕೊಳ್ಳುತ್ತಾನೋ ಇಲ್ಲವೋ, ಏನೂ ತಿಳಿಯದು. ಹೆಸರು ಹೇಳಿ ಮುಂದಕ್ಕೆ ಮಾತು ಬಾರದೆ ಕೂತೆ.

ಮಗಳು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಆಗ ಅವಳಿಗೆ ಹತ್ತೊಂಬತ್ತು, ನರ್ಸಿಂಗ್ ಓದುತ್ತಿದ್ದಳು. ಯಾರನ್ನು ಕೇಳುವುದೆಂದು ತಿಳಿಯದೆ ಅವಳನ್ನೇ ಕೇಳಿದೆ. "ಅಲ್ಲ, ನಿನ್ನ ದೊಡ್ಡಮ್ಮಂಗೆ ಏನಾದ್ರೂ ಕಾಯಿಲೆ ಗೀಯಿಲೆ ಇದ್ಯಂತಾ? ಯಾರಾದ್ರೂ ಹೇಳಿದ್ರಾ?"

ಅವಳು ತಿರುಗಿ ನೋಡಲಿಲ್ಲ. "ಮಂಡಿ ಸವೆದಿದೆ. ಎಡಗಿವಿ ಸರಿಯಾಗಿ ಕೇಳಲ್ಲ. ಬಿಪಿ ಮಾತ್ರೆ ಮರೀತಾರೆ."

"ನಿಂಗೆ ಹೇಗೆ ಗೊತ್ತು?"

"ನಾನು ಹೋಗ್ತಾ ಇರ್ತೀನಲ್ಲ." ರೊಟ್ಟಿ ಮಗುಚಿ ಹಾಕಿದಳು. "ಪಿಯುಸಿ ಇಂದ ಹೋಗ್ತಿದ್ದೀನಿ. ತಿಂಗಳಿಗೆ ಒಂದ್ಸಲ."

ನನಗೆ ಮೈಯೆಲ್ಲ ಉರಿಯಿತು. ನನ್ನ ಬೆನ್ನ ಹಿಂದೆ ಮೂರು ವರ್ಷ! ನಿನ್ನ ಕೈ ನೋಡಿಕೋ, ಯಾರ ಮನೆಗೆ ಹೋಗಿ ಉಣ್ಣುತ್ತಿದ್ದೀಯ ನೋಡು ಎಂದೆ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಸುಟ್ಟಿದ್ದು ನನ್ನ ಕೈ ಅಲ್ವಾ ಅಮ್ಮ? ನಂಗೇ ಕೋಪ ಇಲ್ಲ. ನೀನು ಯಾರ ಪರವಾಗಿ ಇಟ್ಕೊಂಡಿದ್ದೀಯ?"

ಅವತ್ತು ನಾನು ಉಣ್ಣಲಿಲ್ಲ. ಅವಳ ಪರವಾಗಿ ಎಂದು ಇಷ್ಟು ವರ್ಷ ಹೊತ್ತಿದ್ದು ಅವಳಿಗೇ ಬೇಡವಾದರೆ ಅದು ಯಾರದು? ಸಿಟ್ಟು ಬಂದದ್ದು ಅಕ್ಕನ ಮೇಲೋ, ಮಗಳ ಮೇಲೋ, ನನ್ನ ಮೇಲೋ ಅದೂ ಬಿಡಿಸಲಾಗಲಿಲ್ಲ.

ಆದರೆ ಒಂದು ವಾರ ಎಂದು ಫಾದರ್‌ಗೆ ಮಾತು ಕೊಟ್ಟಿದ್ದೆ. ಮಾರನೆಯ ಸಂಜೆ ಅಕ್ಕನ ಮಂಡಿಗೆ ಪ್ರಾರ್ಥನೆ ಮಾಡಿದೆ. ಅದರ ಮರುದಿನ ಕಿವಿಗೆ. ಅಕ್ಕನಿಗೋಸ್ಕರ ಎಂದರೆ ಮಾತು ಮುಂದೆ ಹೋಗುತ್ತಿರಲಿಲ್ಲ, ಅವಳ ಮಂಡಿಗೋಸ್ಕರ ಎಂದರೆ ಮಾತು ಸಲೀಸಾಗಿ ಬರುತ್ತಿತ್ತು. ಮಂಡಿ ಯಾರಿಗೂ ಅನ್ಯಾಯ ಮಾಡಿಲ್ಲವಲ್ಲ. ಇಳಿಜಾರಿನಲ್ಲಿರುವ ಆ ಎಸ್ಟೇಟಿನ ಮನೆಯಿಂದ ರಸ್ತೆಗೆ ಹತ್ತಿ ಬರಲು ಅವಳು ಎಷ್ಟು ಕಷ್ಟಪಡುತ್ತಾಳೋ ಎಂದು ನೆನೆಯುತ್ತಾ ನೆನೆಯುತ್ತಾ, ನಾಲ್ಕನೇ ದಿನವೋ ಐದನೇ ದಿನವೋ, ಜಪಸರದ ಮಣಿ ಎಣಿಸುವುದು ಮರೆತು ಅತ್ತೆ. ಯಾಕೆ ಅತ್ತೆ ಎಂದು ಕೇಳಿದರೆ ಹೇಳಲಾರೆ. ಸಮಾಧಾನ ಸಿಕ್ಕಿತು ಎಂದರೂ ಸುಳ್ಳಾಗುತ್ತದೆ. ಅವಳನ್ನು ನೋಡಬೇಕು ಎನಿಸಿತು, ಅಷ್ಟೇ ನಿಜ.

ಮುಂದಿನ ಸೋಮವಾರ ಅಂಗಡಿ ಮುಚ್ಚಿ ಸೋಮವಾರಪೇಟೆ ಬಸ್ಸು ಹತ್ತಿ ಮಾದಾಪುರದಲ್ಲಿ ಇಳಿದೆ. ಮಗಳು ದಾರಿ ಹೇಳಿ ಕಳಿಸಿದ್ದಳು, ಅಕ್ಕ ಈಗ ಎಸ್ಟೇಟಿನ ಮನೆಯಲ್ಲಿಲ್ಲ. ಮಗ ಹತ್ತಿರದಲ್ಲೇ ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಅಂಗಳದಲ್ಲಿ ಟಾರ್ಪಾಲು ಹಾಸಿ ಕರಿಮೆಣಸು ಹರಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕರೆದದ್ದು ಅವಳಿಗೆ ಕೇಳಲಿಲ್ಲ. ಬಲಗಡೆಗೆ ಬಂದು ನಿಂತೆ.

"ಯಾರು? ಓ..." ಎಂದಳು. ಕೂತುಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನೇ ಟಾರ್ಪಾಲಿನ ಅಂಚಿನಲ್ಲಿ ಕೂತೆ.

ಬಸ್ಸಿನಲ್ಲಿ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ನೇರವಾಗಿ ಕೇಳಿಬಿಟ್ಟೆ. "ಅಕ್ಕಾ, ಅವತ್ತು ಆ ಬಕೆಟ್ ಇಟ್ಟಿದ್ದು ಯಾರು?"

ಅವಳ ಕೈ ನಿಂತಿತು. "ಇದೇನು ಹೊಸದಾಗಿ ಕೇಳ್ತೀಯ? ನಾನು ಅಂತ ನೀನೇ ಹೇಳಿದ್ಯಲ್ಲ."

"ನಾನು ಹೇಳಿದ್ದು ಬಿಡು. ನಿಂಗೆ ನೆನಪಿದ್ಯಾ?"

"ಇಲ್ಲ ಕಣೇ." ಮತ್ತೆ ಮೆಣಸು ಹರಡತೊಡಗಿದಳು. "ನಂಗೆ ಇಟ್ಟಿದ್ದು ನೆನಪೇ ಇಲ್ಲ. ನೀನು ಅಷ್ಟು ಖಂಡಿತ ಹೇಳಿದ್ಮೇಲೆ ನಾನೇ ಇಟ್ಟಿರ್ಬೇಕು ಅಂದ್ಕೊಂಡೆ. ಫಾದರ್ ಹತ್ರಾನೂ ನನ್ನ ಪಾಪ ಅಂತಾನೇ ಹೇಳ್ದೆ. ಪ್ರತಿ ಈಸ್ಟರ್‌ಗೂ ಹೇಳ್ದೆ."

"ನಾನೇ ಇಟ್ಟಿರ್ಬಹುದು ಅಂತ ಈಗ ಅನ್ನಿಸ್ತಿದೆ ಅಕ್ಕಾ. ಖಂಡಿತ ಗೊತ್ತಿಲ್ಲ."

ನನ್ನನ್ನು ತಬ್ಬಿಕೊಳ್ಳುತ್ತಾಳೆ, ಇಬ್ಬರೂ ಅಳುತ್ತೇವೆ ಎಂದು ನಾನು ಎಣಿಸಿದ್ದೆ. ಧ್ಯಾನಕೂಟದಲ್ಲಿ ಸಾಕ್ಷಿ ಹೇಳುವವರೆಲ್ಲ ಹಾಗೇ ಹೇಳುತ್ತಾರೆ. ಅಕ್ಕನ ಮುಖ ಕೆಂಪಾಯಿತು.

"ಹದಿನಾರು ವರ್ಷ ಕಳ್ದು ಈಗ ಬಂದು ಗೊತ್ತಿಲ್ಲ ಅಂತೀಯಲ್ಲೇ? ಅಮ್ಮ ಸಾಯೋವಾಗ ನನ್ನನ್ನ ಏನಂತ ತಿಳ್ಕೊಂಡು ಸತ್ಳು, ಯೋಚನೆ ಮಾಡಿದ್ಯಾ?"

ಎದ್ದು, ಗೋಡೆ ಹಿಡಿದುಕೊಂಡು ನಿಧಾನಕ್ಕೆ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ನಾನು ಹೊರಡಬೇಕೋ ಇರಬೇಕೋ ತಿಳಿಯಲಿಲ್ಲ. ಕೈ ಸುಮ್ಮನಿರಲಾರದೆ, ಅವಳು ಅರ್ಧಕ್ಕೆ ಬಿಟ್ಟ ಮೆಣಸನ್ನು ಹರಡತೊಡಗಿದೆ. ದೇವರೇ, ಏನು ಕೇಳಬೇಕೋ ಗೊತ್ತಾಗುತ್ತಿಲ್ಲ, ನೀನೇ ನೋಡಿಕೋ ಎಂದಷ್ಟೇ ಅಂದುಕೊಂಡೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ಅವತ್ತು ನನ್ನಿಂದ ಆಗಲಿಲ್ಲ.

ಟಾರ್ಪಾಲು ಪೂರ್ತಿ ಹರಡಿ ಮುಗಿಯುವ ಹೊತ್ತಿಗೆ ಅವಳು ಬಾಗಿಲಿಗೆ ಬಂದಳು. ಅತ್ತದ್ದು ಕಣ್ಣಿನಲ್ಲಿ ಕಾಣುತ್ತಿತ್ತು. "ಹಂಗೆ ಗುಡ್ಡೆ ಹಾಕಿದ್ರೆ ಒಣಗಲ್ಲ, ತೆಳ್ಳಗೆ ಹರಡು" ಎಂದಳು. ಆಮೇಲೆ, "ಅನ್ನ ಇಟ್ಟಿದ್ದೀನಿ. ಉಂಡ್ಕೊಂಡು ಹೋಗು."

ತಪಸ್ಸುಕಾಲವಾದ್ದರಿಂದ ಮಾಂಸ ಇರಲಿಲ್ಲ. ಅನ್ನ, ಸೊಪ್ಪಿನ ಸಾರು, ಮಾವಿನಕಾಯಿ ಉಪ್ಪಿನಕಾಯಿ. ಊಟಕ್ಕೆ ಮುಂಚೆ ಅಕ್ಕ ಶಿಲುಬೆ ಗುರುತು ಹಾಕಿ ಜೋರಾಗಿ ಪ್ರಾರ್ಥಿಸಿದಳು. ಮಗನಿಗಾಗಿ, ನನ್ನ ಮಗಳ ಪರೀಕ್ಷೆಗಾಗಿ, ತೀರಿಹೋದ ಅಮ್ಮನಿಗಾಗಿ. ಕೊನೆಯಲ್ಲಿ "ಇವಳಿಗೂ" ಎಂದು ಸೇರಿಸಿದಳು. ಕ್ಷಮಿಸಿದೆ ಎಂಬ ಮಾತನ್ನು ಅವಳು ಹೇಳಲಿಲ್ಲ. ಕ್ಷಮಿಸು ಎಂದು ನಾನು ಬಾಯಿಬಿಟ್ಟು ಕೇಳಿದೆ. ಅದು ಅವಳ ಯಾವ ಕಿವಿಗೆ ಬಿತ್ತೋ, "ಸಾರು ಹಾಕ್ಲಾ?" ಎಂದಳು.

ಇದಾಗಿ ಒಂದು ವರ್ಷದ ಮೇಲಾಯಿತು. ಅಕ್ಕ ಈಗ ಮಂಡಿ ತೋರಿಸಲು ಮಡಿಕೇರಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಉಳಿಯುತ್ತಾಳೆ. ಕೆಲವು ಸಲ ಹಳೆಯದು ನೆನಪಾಗಿ ಅವಳ ಮಾತು ಚುಚ್ಚುತ್ತದೆ, ನಾನೂ ಮುಖ ಊದಿಸಿಕೊಳ್ಳುತ್ತೇನೆ, ಮಗಳು ಇಬ್ಬರನ್ನೂ ಗದರುತ್ತಾಳೆ. ಬಕೆಟ್ ಇಟ್ಟವರು ಯಾರೆಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಕ್ಷಮೆ ಎಂಬುದು ಯಾರಿಂದ ಯಾರಿಗೆ ಹೋಯಿತೋ, ಪೂರ್ತಿ ಹೋಯಿತೋ ಇಲ್ಲವೋ, ಹೇಳಲು ಬಾರದು. ಎದೆಯ ಮೇಲೆ ಕಲ್ಲು ಇಟ್ಟಂತಿದ್ದ ಆ ಭಾರ ಮಾತ್ರ ಯಾವಾಗಲೋ ಇಳಿದಿದೆ. ಇಳಿದ ದಿನ ಯಾವುದೆಂದು ಗಮನಿಸಲಿಲ್ಲ. ಅವಳು ಬರುವ ಬಸ್ಸು ತಡವಾದರೆ ನಾನು ಹೊಲಿಗೆ ಬಿಟ್ಟು ನಾಲ್ಕು ಸಲ ರಸ್ತೆಗೆ ಹೋಗಿ ನೋಡಿ ಬರುತ್ತೇನೆ.