ಈರಣ್ಣ ರಾಣಿಯಾದ ವರ್ಷ

ಹೊಸ ಹೆಸರುಕಾಳು ಹುರಿಯುವ ವಾಸನೆ ಎಲ್ಲಿಂದಲಾದರೂ ಬಂದರೆ ನನಗೆ ಬೀದರದ ಚಿದ್ರಿಯ ಆ ಬಾಡಿಗೆ ಮನೆ ಕಣ್ಣಮುಂದೆ ಬರುತ್ತದೆ. ಸಾಲಿ ಎಂದಿನಂತೆ ನಡೆದ ಕಡೆಯ ದಿನವೂ ಮನೆ ತುಂಬ ಅದೇ ವಾಸನೆ ಇತ್ತು. ಅಪ್ಪ ಸಂತಪುರದಿಂದ ಕಳಿಸಿದ್ದ ಹೆಸರನ್ನು ಆಯಿ ಒಲೆಯ ಮುಂದೆ ಕೂತು ಹುರಿಯುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಅಪ್ಪ ಅವ್ವ ಕುರಿ, ಹೊಲ ಎಂದು ಊರಲ್ಲೇ ಉಳಿದಿದ್ದರು. ಅಣ್ಣ ಈರಣ್ಣ ಬೀದರದ ಹೈಸ್ಕೂಲಿನಲ್ಲಿ ಓದಲಿ ಎಂದು ಆಯಿಯನ್ನೂ, ಅವಳಿಗೆ ಜೊತೆಯಾಗಿ ನನ್ನನ್ನೂ ಆ ಮನೆಯಲ್ಲಿ ಇಟ್ಟಿದ್ದರು. ಅವತ್ತು ಅಣ್ಣ ಓಡುತ್ತಲೇ ಅಂಗಳಕ್ಕೆ ಬಂದು, ಚೀಲವನ್ನು ಕಟ್ಟೆಯ ಮೇಲೆ ಒಗೆದು, "ಆಯಿ, ನಾಳಿ ತಾಲೀಮಿನಾಗ ರಾಜಾ ಹಾಡ್ತಾನ!" ಎಂದು ಕೂಗಿದ. ಓಣಿಯ ಆ ತುದಿಗೆ ಮುಟ್ಟುವ ದನಿ ಅದು, ಚಿಕ್ಕಂದಿನಿಂದ ಕುರಿ ಕರೆದು ಬೆಳೆದ ದನಿ. ಆಯಿ ತಲೆ ಎತ್ತಲಿಲ್ಲ. "ಹಾಡಲಿ. ಹಾಡಿ ಆಕಿನ್ನ ಮನಿಗಿ ಕರಕೋತಾನೋ ಇಲ್ಲೋ, ಅಷ್ಟ ಕೇಳಕೊಂಡ ಬಾ. ಕರಕೊಳ್ಳಲಿಲ್ಲಂದ್ರ ನಿನ್ನ ನಾಟಕಕ್ಕ ನಾ ಬರಂಗಿಲ್ಲ," ಎಂದಳು.

ಇದು ನಿಮಗೆ ತಿಳಿಯಬೇಕಾದರೆ ಮಾಸ್ತರಸಾಬರ ಬಗ್ಗೆ ಹೇಳಬೇಕು. ನಿಜಾಮರ ಕಾಲದ ಆ ಸಾಲಿಯಲ್ಲಿ ಲೆಕ್ಕ, ಭೂಗೋಳ ಎಲ್ಲವೂ ಉರ್ದುವಿನಲ್ಲಿ. ಸಂಜೆ ಮಾತ್ರ ಹಾಡು, ನಾಟಕದ ಕ್ಲಾಸು ಇರುತ್ತಿತ್ತು. ಅದನ್ನು ನಡೆಸುತ್ತಿದ್ದ ಖಾದರಸಾಬರನ್ನು ಎಲ್ಲರೂ ಮಾಸ್ತರಸಾಬ ಎನ್ನುತ್ತಿದ್ದರು. ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡಿಕೊಂಡು ಊರೂರು ತಿರುಗಿದವರು. ಕಂಪನಿ ಭಾಲ್ಕಿಯಲ್ಲಿ ಮುರಿದುಬಿದ್ದಾಗ ತಮ್ಮ ಹಾರ್ಮೋನಿಯಂ ಹೊತ್ತುಕೊಂಡು ಬೀದರಕ್ಕೆ ಬಂದಿದ್ದರು. ಆ ವರ್ಷ ತಾವೇ ಕಟ್ಟಿದ ನಾಟಕವೊಂದನ್ನು ಹುಡುಗರಿಗೆ ಕಲಿಸುತ್ತಿದ್ದರು. ಹೆಡ್‌ಮಾಸ್ತರರು ಒಪ್ಪಲಿ ಎಂದು ಮಾತು ಉರ್ದು, ತಮ್ಮ ಮನಸ್ಸಿಗೆ ಹಿತವಾಗಲಿ ಎಂದು ಹಾಡು ಕನ್ನಡ. "ಸಿಟ್ಟ ಬಂದ್ರ ಉರ್ದು, ಅಳು ಬಂದ್ರ ಕನ್ನಡ," ಎಂದು ಅಣ್ಣ ನಮಗೆ ವಿವರಿಸಿದ್ದ. ರಾಜ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಅವಳು ತಿರುಗಿ ಬಂದು, ನನ್ನನ್ನು ಮನೆಗೆ ಕರೆದುಕೊಳ್ಳುತ್ತೀಯಾ ಎಂದು ಹಾಡಿನಲ್ಲಿ ಕೇಳುತ್ತಾಳೆ. ರಾಜನೂ ಹಾಡಿನಲ್ಲೇ ಉತ್ತರ ಕೊಡುತ್ತಾನೆ. ರಾಜ ಮಾಸ್ತರಸಾಬರೇ. ರಾಣಿ ನಮ್ಮ ಈರಣ್ಣ.

ಅಣ್ಣನನ್ನು ರಾಣಿ ಮಾಡಲು ಒಪ್ಪಿಗೆ ಕೇಳಲು ಅವರು ಖುದ್ದಾಗಿ ನಮ್ಮ ಮನೆಗೆ ಬಂದಿದ್ದರು. ಆಯಿ ದಿನಾ ಪೂಜೆ ಮಾಡದೆ ನೀರು ಮುಟ್ಟದವಳು. "ಕೊಳ್ಳಾಗ ಲಿಂಗ ಕಟ್ಟಿದ ಹುಡುಗಗ ಕುಪ್ಪಸ ತೊಡಸ್ತೀರೇನ್ರಿ?" ಎಂದು ಬಾಗಿಲಲ್ಲೇ ತಡೆದಳು. ಮಾಸ್ತರಸಾಬರು ಚಪ್ಪಲಿ ಬಿಟ್ಟು ಕೈಮುಗಿದು, "ಆಯೀ, ಕುಪ್ಪಸ ತೊಡಸ್ತೇನಿ ಖರೆ, ಲಿಂಗ ಬಿಚ್ಚಸಂಗಿಲ್ರಿ. ನಮ್ಮ ರಾಣಿನೂ ಲಿಂಗ ಕಟ್ಟಿದಾಕಿ ಆಗ್ಲಿ," ಎಂದರು. ಆಯಿ ಅವರನ್ನು ಒಳಗೆ ಕೂಡಿಸಿದಳು. ರೊಟ್ಟಿ ಕೊಟ್ಟು, ಪೆಟ್ಟಿಗೆಯಲ್ಲಿದ್ದ ತನ್ನ ಒಳ್ಳೆಯ ಸೀರೆಯನ್ನೂ ತೆಗೆದುಕೊಟ್ಟಳು. ಕೊಡುವಾಗ ಮೆಲ್ಲಗೆ, "ಕಡೀಕ ಕರಕೋತಾನೇನ್ರಿ ಆಕಿನ್ನ?" ಎಂದು ಕೇಳಿದಳು. "ಈಗ ಹೇಳಿದ್ರ ನೀವು ಬರಂಗಿಲ್ರಿ. ಬಂದು ಮುಂದ ಕೂಡ್ರಿ ಆಯೀ, ನಿಮ್ಮ ಮಾರಿ ನೋಡಕೋತ ಹಾಡ್ತೇನಿ," ಎಂದು ಅವರು ನಕ್ಕರು.

ಅವರು ಯಾರಿಗೂ ಇಡೀ ನಾಟಕ ಹೇಳಿಕೊಡುತ್ತಿರಲಿಲ್ಲ. ಕಂಪನಿಯ ಕಾಲದ ಅಭ್ಯಾಸ ಅದು. ಇಡೀ ನಾಟಕ ಒಬ್ಬನಿಗೆ ಗೊತ್ತಾದರೆ ಅವನು ಅದನ್ನು ಬೇರೆ ಕಂಪನಿಗೆ ಒಯ್ಯುತ್ತಾನೆ ಎಂಬ ಅನುಮಾನ. ಬೀದರದ ಹೈಸ್ಕೂಲಿನಿಂದ ನಾಟಕ ಕದಿಯಲು ಯಾರು ಬರುತ್ತಿದ್ದರೋ ದೇವರೇ ಬಲ್ಲ. ಒಬ್ಬೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿ, ಅವನ ಮಾತು ಅವನಿಗೆ ಬಾಯಿಪಾಠ ಮಾಡಿಸುವರು. ಅವನ ಮುಂಚೆ ಮಾತಾಡುವವನ ಕಡೆಯ ಎರಡೇ ಶಬ್ದ ಹೇಳಿಕೊಡುವರು. ಅದಕ್ಕೆ ಹುಡುಗರು ಬಾಲ ಎನ್ನುತ್ತಿದ್ದರು. ಮನೆಯಲ್ಲಿ ಬಾಲ ಹೇಳುವ ಕೆಲಸ ನನ್ನದು. ನಾನು "ನಿಕಲ್ ಜಾವ್!" ಎಂದು ಗದರುತ್ತಿದ್ದೆ. ಆಯಿಯ ಸೀರೆ ಉಟ್ಟ ಅಣ್ಣ ಮಾಸ್ತರಸಾಬರು ಕಲಿಸಿದ ಹಾಗೆ ಸಂತೋಷದಿಂದ ನಕ್ಕು ಹಾಡು ಎತ್ತುತ್ತಿದ್ದ. ಆಯಿ ಹಣೆ ಬಡಿದುಕೊಳ್ಳುತ್ತಿದ್ದಳು. "ಹೊರಗ ನಡಿ ಅಂದ್ರ ನಗತಾಳೇನೋ, ಬುದ್ಧಿಗೇಡಿ ರಾಣಿ! ನಾ ಆಗಿದ್ರ ಒನಕಿ ತಗೋತಿದ್ದೆ." ಅಣ್ಣ ನಡೆದರೆ ರಾಣಿ ಕುರಿ ಅಟ್ಟಿಸಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಮಾತು ಮರೆತರೆ ಅವನಿಗೆ ಗೊತ್ತಿಲ್ಲದೆಯೇ ನಾಲಿಗೆ ಲೊಟಕ್ ಎನ್ನುತ್ತಿತ್ತು, ಕುರಿ ಕರೆಯುವ ಹಾಗೆ. ಆಗ ಪಕ್ಕದ ಮನೆಯ ಮೇಕೆ ಗೋಡೆಯ ಮೇಲೆ ಮುಖವಿಟ್ಟು, ರಾಣಿ ಯಾಕೆ ಕರೆದಳು ಎಂಬಂತೆ ನೋಡುತ್ತಿತ್ತು.

ಆ ನಾಳೆ ಬರಲಿಲ್ಲ. ಬೆಳಗಾಗುವುದರೊಳಗೆ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಭಾರತದ ದಂಡು ಬರುತ್ತಿದೆ, ಏಳಿರಿ ಎಂದ. ನಿಜಾಮರ ಪರ ಊರೂರು ನುಗ್ಗುತ್ತಿದ್ದ ರಜಾಕಾರರ ಹೆದರಿಕೆಯಲ್ಲಿ ಮೊದಲೇ ಊರು ಅರೆನಿದ್ದೆ ಮಾಡುತ್ತಿತ್ತು. ಹುರಿದ ಹೆಸರನ್ನು ಗಂಟು ಕಟ್ಟಿಕೊಂಡು ನಾವು ಸಂತಪುರಕ್ಕೆ ಹೋದೆವು. ಪೊಲೀಸ್ ಕಾರ್ಯಾಚರಣೆ ಮುಗಿಯಿತು, ನಿಜಾಮರ ಆಳ್ವಿಕೆ ಹೋಯಿತು ಎಂದು ಕೇಳಿದೆವು. ಅಲ್ಲಿಯತನಕ ನಮ್ಮಂಥವರು ಹೆದರಿದ್ದರು. ಆಮೇಲೆ ಮಾಸ್ತರಸಾಬರ ಓಣಿಯ ಮುಸಲ್ಮಾನರು ಹೆದರಿದರು. ನಾವು ತಿರುಗಿ ಬಂದಾಗ ಅಣ್ಣ ಬುತ್ತಿ ಬಿಚ್ಚುವ ಮೊದಲೇ ಮಾಸ್ತರಸಾಬರ ಕೋಣೆಗೆ ಓಡಿದ. ಅದಕ್ಕೆ ಬೀಗವೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಹೈದರಾಬಾದಿಗೆ ಹೋದರು ಎಂದು ಒಬ್ಬರು, ಔರಾದದ ಕಡೆ ನಡೆದು ಹೋಗುವುದನ್ನು ಕಂಡೆ ಎಂದು ಇನ್ನೊಬ್ಬರು. ಕೆಲವರು ಏನೂ ಹೇಳದೆ ನೆಲ ನೋಡಿದರು. ಹಾರ್ಮೋನಿಯಂ ಸಾಲಿಯಲ್ಲೇ ಇತ್ತು.

ನಾಟಕ ಮಾಡಲೇಬೇಕು ಎಂದು ಹಟ ಹಿಡಿದವನು ಅಣ್ಣ. ಸುದ್ದಿ ಕೇಳಿಯಾದರೂ ಮಾಸ್ತರಸಾಬರು ಬರುತ್ತಾರೆ ಎಂದು ಅವನ ನಂಬಿಕೆ. ಹುಡುಗರೆಲ್ಲ ನಮ್ಮ ಅಂಗಳದಲ್ಲಿ ಕೂಡಿ, ತಂತಮ್ಮ ತುಂಡು ತಂದು ಜೋಡಿಸಿದರು. "ನಿಕಲ್ ಜಾವ್" ಎಂದ ಮೇಲೆ ತಲೆ ತಗ್ಗಿಸಿ ಹೊರಗೆ ಹೋಗಬೇಕೆಂದು ಮಂತ್ರಿಯ ಪಾತ್ರದ ಬಸವರಾಜನಿಗೂ ಕಲಿಸಿದ್ದರು. ಆ ಮಾತು ರಾಣಿಗಲ್ಲ, ಮಂತ್ರಿಗೆ ಎಂದು ಆಗ ತಿಳಿಯಿತು. "ಅಂದ್ರ ನಾ ಕೆಟ್ಟಾವೇನೋ?" ಎಂದು ಬಸವರಾಜ ಅಳಲಿಕ್ಕೇ ನಿಂತ, ಅಷ್ಟು ದಿನ ತಾನೇ ನಾಟಕದ ದೊಡ್ಡ ಮನುಷ್ಯ ಎಂದುಕೊಂಡಿದ್ದ. ಆಯಿ, "ನಗಲಿ ಬಿಡು ಹಂಗಾದ್ರ, ಶಾಣ್ಯಾಕಿ ಅದಾಳ ರಾಣಿ," ಎಂದು ಅವನ ಕೈಗೆ ಬೆಲ್ಲ ಕೊಟ್ಟಳು. ಉಳಿದದ್ದು ರಾಜನ ಪಾತ್ರ. ಅವನ ಮಾತು ಯಾರಿಗೂ ಗೊತ್ತಿರಲಿಲ್ಲ, ಬಾಲಗಳು ಮಾತ್ರ ಎಲ್ಲರಲ್ಲೂ ಹಂಚಿಹೋಗಿದ್ದವು. ಹಾಗಾಗಿ ಎತ್ತರದ ಹುಡುಗನೊಬ್ಬ ಕಿರೀಟ ಇಟ್ಟುಕೊಂಡು, ಸುಮ್ಮನೆ ಕೈ ಬೀಸಿ ಬೀಸಿ, ಕಡೆಗೆ ಎರಡೆರಡು ಶಬ್ದ ಹೇಳುವುದೆಂದಾಯಿತು. ರಾಜ ಉತ್ತರ ಕೊಡುವ ಕಡೆಯ ಹಾಡಿನ ನಂತರ ಯಾರ ಮಾತೂ ಇರಲಿಲ್ಲ. ಅದಕ್ಕೇ ಅದರ ಬಾಲವೂ ಯಾರ ಹತ್ತಿರವೂ ಇರಲಿಲ್ಲ.

ನಾಟಕದ ದಿನ ಜನ ಹೊಟ್ಟೆ ಹಿಡಿದು ನಕ್ಕರು. ರಾಜ ಬಾಯಿ ತೆರೆದರೆ ಸಾಕು, ನಗೆ. ಕಡೆಗೆ ಅಣ್ಣ ಮುಂದೆ ಬಂದು ರಾಣಿಯ ಪ್ರಶ್ನೆ ಹಾಡಿದ. ಕುರಿ ಕರೆಯುವ ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲು ಕೇಳಿರಲಿಲ್ಲ. ಹಾಡಿ ಮುಗಿಸಿದವನು ರಾಜನ ಕಡೆ ನೋಡಲಿಲ್ಲ, ಜನರ ಹಿಂದಿದ್ದ ಬಾಗಿಲನ್ನೇ ನೋಡುತ್ತ ನಿಂತ. ನಗೆ ನಿಂತಿತು. ಯಾರೂ ಬರಲಿಲ್ಲ. ಹೆಂಗಸರ ಸಾಲಿನಿಂದ ಆಯಿ ಎದ್ದು, "ಕರಕೋರಪ್ಪಾ ಆಕಿನ್ನ, ಎಷ್ಟೊತ್ತ ನಿಲ್ಲಸ್ತೀರಿ!" ಎಂದು ಕೂಗಿದಳು. ಮತ್ತೆ ಎಲ್ಲರೂ ನಕ್ಕರು, ಪರದೆ ಬಿತ್ತು.

ಮುಂದೆ ಅಣ್ಣನಿಗೆ ನೌಕರಿಯಾಯಿತು, ದೊಡ್ಡ ಮೀಸೆ ಬಂತು. ಯಾವ ಊರಿಗೆ ಹೋದರೂ ಹಾರ್ಮೋನಿಯಂ ರಿಪೇರಿ ಮಾಡುವವರನ್ನು ಹುಡುಕಿ, ಅಂಗಡಿಯಲ್ಲೇ ನಿಂತು ರಾಣಿಯ ಹಾಡು ಹಾಡಿ, ಇದರ ಉತ್ತರ ಗೊತ್ತೇನ್ರಿ ಎಂದು ಕೇಳುತ್ತಿದ್ದ. ಮೀಸೆಯ ರಾಣಿಯನ್ನು ನೋಡಲು ಮಂದಿ ಕೂಡುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ಆಯಿ ಹೋಗಿ ಬಹಳ ವರ್ಷವಾಯಿತು. ಚಿದ್ರಿಯ ಆ ಮನೆ ಕೆಡವಿ ಅಂಗಡಿ ಕಟ್ಟಿದ್ದಾರೆ. ಹೋದ ವರ್ಷ ಅಣ್ಣನೂ ಹೋದ. ರಾಜ ಏನು ಹಾಡಿದ ಎಂಬುದನ್ನು ನಾನು ಮನಸ್ಸಿಗೆ ಬಂದಂತೆ ಊಹಿಸಿಕೊಳ್ಳಬಲ್ಲೆ. ಮಾಸ್ತರಸಾಬರ ವಿಷಯದಲ್ಲಿ ಊಹಿಸಲು ನನಗೆ ಧೈರ್ಯ ಸಾಲದು. ಅವರು ಎಲ್ಲಿ ಹೋದರು, ಏನಾದರು ಎಂಬುದು ಇವತ್ತಿಗೂ ನಮಗೆ ಗೊತ್ತಾಗಿಲ್ಲ.