ಪಿಸುದನಿಯ ಡಿಸ್ಕೊ

ಕಾಪು ಕಡಲತೀರದಲ್ಲಿ ಸಂಜೆ ಕೆಲವು ವಿದ್ಯಾರ್ಥಿಗಳು ಮೈಕ್ ಇರುವ ಸಣ್ಣ ಸ್ಪೀಕರಿನಲ್ಲಿ ಹಳೆಯ ಡಿಸ್ಕೊ ಹಾಡು ಹಾಕಿ ಕುಣಿಯುತ್ತಿದ್ದರು. ನನ್ನ ಪಕ್ಕ ಬಂಡೆಯ ಮೇಲೆ ಕುಳಿತಿದ್ದ ವಯಸ್ಸಾದ ಹೆಂಗಸು ಎದ್ದು ಅವರ ಬಳಿ ಹೋಗಿ, "ಒಮ್ಮೆ ಮೈಕ್ ಕೊಡ್ತೀರಾ ಮಕ್ಕಳೇ?" ಎಂದು ಪಿಸುಗುಟ್ಟಿದರು. ಕುತೂಹಲದಿಂದ ನಾನೂ ಹಿಂದೆ ಹೋದೆ.

ಮೈಕ್ ಕೈಗೆ ಬಂದಾಗ ಅವರೇ ತಮ್ಮ ಕತೆ ಹೇಳಿದರು. ಹರೆಯದಲ್ಲಿ ಅವರು ಉಡುಪಿಯ ಡಿಸ್ಕೊ ತಂಡವೊಂದರ ಮುಖ್ಯ ಗಾಯಕಿ. ಮುಂದೆ ಗಲ್ಫಿನ ಹೋಟೆಲುಗಳಲ್ಲೂ ಹಾಡಿದ್ದರಂತೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಉಳಿದದ್ದು ಈ ಪಿಸುದನಿ ಮಾತ್ರ. "ಮತ್ತೆ ಮೈಕ್ ಮುಟ್ಟಲೇ ಇಲ್ಲ. ಇವತ್ತು ಎಂತ ಆಯ್ತೋ, ಕೂತ್ಕೊಳ್ಳಲಿಕ್ಕೆ ಆಗ್ಲಿಲ್ಲ" ಎಂದರು.

ಹುಡುಗಿಯೊಬ್ಬಳು ಸ್ಪೀಕರಿನಲ್ಲಿದ್ದ ಹಾಡಿನ ಸದ್ದು ತಗ್ಗಿಸಿದಳು. ಅವರು ಮೈಕನ್ನು ತುಟಿಗೆ ತಾಗಿಸಿಕೊಂಡು ಹಾಡತೊಡಗಿದರು. ಅದರಲ್ಲಿ ಸ್ವರವಿರಲಿಲ್ಲ. ಬೆಚ್ಚಗಿನ ಉಸಿರೊಂದೇ ಪದಗಳನ್ನು ಹೊತ್ತು ಅಲೆಗಳ ಸದ್ದಿನೊಳಗೆ ತೇಲುತ್ತಿತ್ತು. ಅವರ ಭುಜ, ಸೊಂಟ ಒಮ್ಮೆಯೂ ತಾಳ ತಪ್ಪಲಿಲ್ಲ. ಜಿಗಿಯುತ್ತಿದ್ದ ಮಕ್ಕಳು ನಿದ್ದೆಗಣ್ಣಿನಲ್ಲಿರುವವರಂತೆ ಮೆಲ್ಲಗೆ ತೂಗತೊಡಗಿದರು. ಹಾಡು ಮುಗಿಯಿತು. "ಇನ್ನೊಂದು ಹಾಡಿ ಆಂಟಿ" ಎಂದಳು ಆ ಹುಡುಗಿ. ಅವರು ಹಾಡಿದರು.

ಮನೆಯ ಮದುವೆಗಳಲ್ಲೂ ಕುಣಿಯದ ನಾನು ಚಪ್ಪಲಿ ಬಿಟ್ಟು ಒದ್ದೆ ಮರಳಿನಲ್ಲಿ ಆ ಎರಡನೆಯ ಹಾಡಿಗೆ ಕುಣಿದೆ. ಈಗಲೂ ಪರ್ಕಳದ ನನ್ನ ಅಡುಗೆಮನೆಯಲ್ಲಿ ಒಮ್ಮೊಮ್ಮೆ ಆ ಉಸಿರು ಕಿವಿಯ ಬಳಿ ಸುಳಿದಂತಾಗುತ್ತದೆ, ಪಾದಗಳು ತಾವಾಗಿಯೇ ಕದಲುತ್ತವೆ.