ಭಾಗಮ್ಮನ ಔಷಧಕ್ಕೆ ಕುಲ ಕೇಳಿದವರು

ಶಹಾಬಾದಿನಲ್ಲಿ ಖಾನಾವಳಿ ನಡೆಸುವ ಭಾಗಮ್ಮನ ರೊಟ್ಟಿ ಎಷ್ಟು ಮೆತ್ತಗೋ ನಾಲಿಗೆ ಅಷ್ಟೇ ಖಾರ. ಗಂಡ ತೀರಿದ ಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯವರಿಗೆ ಬಡಿಸಿಯೇ ಮಗಳು ನಾಗರತ್ನಾಳಿಗೆ ಫಾರ್ಮಸಿ ಓದಿಸಿದಳು. ಹೋದ ವರ್ಷ ಭಾಗಮ್ಮನ ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಮೊದಲ ಔಷಧಗಳು ಸೋತವು. ಈಗ ಕಲಬುರಗಿಯಲ್ಲಿ ಮೂರು ವಾರಕ್ಕೊಮ್ಮೆ ಟ್ರಾಬೆಕ್ಟೆಡಿನ್ ಎಂಬುದನ್ನು ನರಕ್ಕೆ ಹನಿಸುತ್ತಿದ್ದರು. ಗಡ್ಡೆ ಬೆಳೆಯುವುದು ನಿಂತಿತ್ತು. ತಪ್ಪಿಸಿದರೆ ಮತ್ತೆ ಬೆಳೆದೀತು ಎಂದು ವೈದ್ಯರು ಎಚ್ಚರಿಸಿದ್ದರು.

ಆ ಔಷಧ ಮೊದಲು ಸಿಕ್ಕಿದ್ದು ಸಮುದ್ರದಂಚಿನ ಗಿಡಗಳ, ನೀರಿನಲ್ಲಿ ಮುಳುಗಿದ ಬೇರುಗಳಿಗೆ ಅಂಟಿ ಬದುಕುವ ಒಂದು ಜೀವಿಯಲ್ಲಿ. ಈಗ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ನಾಗರತ್ನಾ ತಾಯಿಗೆ ಬಿಡಿಸಿ ಹೇಳಿದ್ದಳು: ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಜೀನಿನ ಬರಹವಿರುತ್ತದೆ, ಅದನ್ನು ನಕಲು ಮಾಡಿಕೊಂಡೇ ಕೋಶ ಕೆಲಸ ನಡೆಸುತ್ತದೆ, ಈ ಔಷಧ ಆ ಬರಹಕ್ಕೆ ಅಂಟಿಕೊಂಡು, ಗಾಲಿಯ ಮುಂದೆ ಕಲ್ಲಿಟ್ಟಂತೆ, ನಕಲನ್ನು ತಡೆಯುತ್ತದೆ, ನಕಲು ನಿಂತರೆ ಗಡ್ಡೆಯ ಕೋಶ ಸಾಯುತ್ತದೆ.

ಆಗ ಮೂಲೆಯಲ್ಲಿ ಉಣ್ಣುತ್ತಿದ್ದ, ಭಾಗಮ್ಮನ ಭಾವ ಕಲ್ಯಾಣಪ್ಪನ ಕಿವಿಗೆ ಬಿದ್ದದ್ದು ಎರಡೇ ಮಾತು: ಸಮುದ್ರದ ಜೀವಿ, ಜೀನು. ಬಸವ ಜಯಂತಿಯ ಸಭೆಯಲ್ಲಿ ಜಾತಿಯನ್ನು ಸುಡಬೇಕೆಂದು ಗಂಟಲು ಹರಿದುಕೊಳ್ಳುವ ಈ ಮಹಾನುಭಾವ, ಸಭೆ ಮುಗಿದರೆ ಒಳಪಂಗಡ ಕೇಳದೆ ಯಾರ ಮನೆಯ ನೀರನ್ನೂ ಮುಟ್ಟುವವನಲ್ಲ. ನಾಗರತ್ನಾಳಿಗೆ ಚಂದಾಪುರದ ಸಂಬಂಧ ತಂದವನೂ ಅವನೇ.

ಮರುದಿನವೇ ಬಂದು ಕುಳಿತ. "ಭಾಗಮ್ಮ, ಲಗ್ನ ಮುಗಿಯೋತನ ಆ ಔಷಧ ನಿಂದರಸು. ಜೀನಿಗೇ ಕೈ ಹಾಕ್ತದಂತ ಅದು. ನಾಳೆ ರತ್ನಾಗ ಹುಟ್ಟೋ ಕೂಸು ಯಾವ ಕುಲದ್ದು ಅಂತ ಬೀಗರು ಕೇಳಿದ್ರ ನಾ ಏನ್ ಹೇಳ್ಲಿ?"

"ಭಾವೋರ, ಹುಡುಗಿ ಹುಟ್ಟಿ ಇಪ್ಪತ್ನಾಕ್ ವರ್ಷ ಆತು. ಈಗ ನನಗ ಹಾಕಿದ್ದು ಹಿಂದಕ್ಕ ಹರದು ಆಕಿಗಿ ಮುಟ್ಟತದೇನ್ರಿ? ನೀವು ಕುಡದ ಚಹಾದ ರುಚಿ ನಿಮ್ಮ ಅಜ್ಜಗ ಹತ್ತೇದೇನು?"

ಕಲ್ಯಾಣಪ್ಪ ಬಗ್ಗಲಿಲ್ಲ. ತಾನು ಹೇಳದಿದ್ದರೂ ಬೀಗರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆಂದ. ಆ ಯಾರಾದರೂ ಯಾರೆಂದು ಭಾಗಮ್ಮನಿಗೆ ಗೊತ್ತಿತ್ತು. ಅವನೆದುರೇ ಚಂದಾಪುರಕ್ಕೆ ಫೋನು ಹಚ್ಚಿ ರೋಗ, ಔಷಧ, ಸಮುದ್ರದ ಜೀವಿ ಎಲ್ಲವನ್ನೂ ತಾನೇ ಹೇಳಿದಳು. ಹಿರಿಯರನ್ನು ಕೇಳಿ ತಿಳಿಸುತ್ತೇವೆ ಎಂದರು ಅವರು. ಸಂಜೆಗೆ ಒಲ್ಲೆವೆಂದು ತಿಳಿಸಿದರು. ಅವರು ಕೇಳಿದ ಹಿರಿಯ ಕಲ್ಯಾಣಪ್ಪನೇ.

ಊರಿಗೆಲ್ಲ ಉತ್ತರ ಕೊಡುವ ಭಾಗಮ್ಮನ ನಾಲಿಗೆ ಆ ರಾತ್ರಿ ಮಗಳೆದುರು ತಡವರಿಸಿತು. "ಇದೊಂದ್ ಸಲ ಔಷಧ ಬಿಡ್ಲೇನ ರತ್ನಾ? ಅವರು ಮತ್ತ ಒಪ್ಪಬಹುದು."

"ಔಷಧದ ಕುಲ ಕೇಳೋ ಮಂದಿ ಮನ್ಯಾಗ ನಾ ಹೋಗಿ ಏನ್ ಮಾಡ್ಲಿ?" ಎಂದಳು ನಾಗರತ್ನಾ. "ನಾಳೆ ಮೊದಲನೇ ಬಸ್ಸಿಗಿ ಕಲಬುರ್ಗಿಗಿ ಹೋಗಬೇಕು. ಮಕ್ಕೊ ಅವ್ವ."